ಧಾರವಾಡಕ್ಕೆ ಎರಡು ದಿನ

ಅಮೆರಿಕದಲ್ಲಿ ಕೆಲಸಕ್ಕಿರುವ ನಮ್ಮ ಸೋದರಳಿಯ ಕ್ರಿಸ್ಮಸ್ ಶುಭಾಶಯ ಹೇಳಲು ಫೋನ್ ಮಾಡಿದ್ದ. ಹಬ್ಬದ ನಿಮಿತ್ತ ನಾವೆಲ್ಲ ಜಹೀರಾಬಾದಿನ ನಮ್ಮ ಮನೆಯಲ್ಲಿ ಸೇರಿದ್ದೆವು. ನಾರಾಯಣಖೇಡದಿಂದ ದೊಡ್ಡಪ್ಪ ಮತ್ತು ಅಣ್ಣನ ಸಂಸಾರ ಬಂದಿತ್ತು. ತಾಂಡೂರಿನಿಂದ ತಂಗಿ, ಅವಳ ಗಂಡ, ಇಬ್ಬರು ಮಕ್ಕಳು ಬಂದಿದ್ದರು. ಎಲ್ಲರಿಗೂ ಕೇಳಲೆಂದು ಫೋನನ್ನು ನಡುಮನೆಯ ಮೇಜಿನ ಮೇಲಿಟ್ಟೆವು. ಶುಭಾಶಯ ಎರಡು ಮಾತಿನಲ್ಲಿ ಮುಗಿಯಿತು. ಶನಿವಾರ, ಭಾನುವಾರ ಸೇರಿಸಿ ತಾನು ನ್ಯಾಶ್‌ವಿಲ್ ಎಂಬ ಊರಿಗೆ ಹೋಗಿ ಬಂದ ಸುದ್ದಿಯನ್ನು ಮಾತ್ರ ಅವನು ಅರ್ಧ ಗಂಟೆ ಹೇಳಿದ.

ಆ ಊರು ಅಲ್ಲಿಯ ಹಳ್ಳಿಗಾಡಿನ ಹಾಡಿಗೆ ಹೆಸರುವಾಸಿ. ಕಂಟ್ರಿ ಮ್ಯೂಸಿಕ್ ಎನ್ನುತ್ತಾರೆ. 1925ರಲ್ಲಿ ಅಲ್ಲಿಯ ರೇಡಿಯೋ ಕೇಂದ್ರವೊಂದು ಆರಂಭಿಸಿದ ಹಾಡಿನ ಕಾರ್ಯಕ್ರಮ ನೂರು ವರ್ಷವಾದರೂ ನಿಂತಿಲ್ಲ. 1943ರಿಂದ 1974ರವರೆಗೆ ಅದು ನಡೆದದ್ದು ಮೊದಲು ಪ್ರಾರ್ಥನಾ ಮಂದಿರವಾಗಿ ಕಟ್ಟಿದ್ದ ಒಂದು ಸಭಾಂಗಣದಲ್ಲಿ. ಈಗಲೂ ಆ ಸಭಾಂಗಣದಲ್ಲಿ ಜನ ಚರ್ಚಿನ ಬೆಂಚುಗಳ ಮೇಲೆ ಕೂತೇ ಹಾಡು ಕೇಳುತ್ತಾರೆ. ಮಕ್ಕಳು ಬಾಯಿ ತೆರೆದು ಕೇಳಿದವು.

ಮೂಲೆಯ ಕುರ್ಚಿಯಲ್ಲಿದ್ದ ದೊಡ್ಡಪ್ಪ, “ಅಷ್ಟು ದೂರ ಯಾಕ ಹೋಗಬೇಕು? ನಮ್ಮ ಧಾರವಾಡ ಇಲ್ಲೇನು?” ಎಂದರು.

“ನೀವು ಧಾರವಾಡಕ್ಕ ಹೋಗೇ ಇಲ್ಲಲ್ಲ ದೊಡ್ಡಪ್ಪ” ಎಂದಳು ತಂಗಿ.

“ಹೋಗಿಲ್ಲ. ಖರೆ, ಕೇಳೀನಿ.”

ದೊಡ್ಡಪ್ಪನವರಿಗೆ ಈಗ ಎಂಬತ್ತರ ಹತ್ತಿರ. ಅವರು ನಾರಾಯಣಖೇಡದ ಸುತ್ತಮುತ್ತ ಬಿಟ್ಟು ಹೆಚ್ಚು ದೂರ ಹೋದವರಲ್ಲ. ಆದರೆ ಅವರ ವಿಳಾಸ ಮಾತ್ರ ಬಹಳ ತಿರುಗಿದೆ. ಅವರು ಹುಟ್ಟಿದಾಗ ನಾರಾಯಣಖೇಡ ಹೈದರಾಬಾದ್ ಸಂಸ್ಥಾನದ ಬೀದರ್ ಜಿಲ್ಲೆಯಲ್ಲಿತ್ತು. ಜಹೀರಾಬಾದೂ ಹಾಗೆಯೇ. ತಾಂಡೂರು ಗುಲ್ಬರ್ಗ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ್ಯಗಳಾದಾಗ ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಮೈಸೂರು ರಾಜ್ಯಕ್ಕೆ ಹೋದವು, ನಮ್ಮ ಮೂರು ಊರುಗಳು ಆಂಧ್ರಪ್ರದೇಶಕ್ಕೆ ಬಂದವು. 2014ರಿಂದ ತೆಲಂಗಾಣ. 2016ರಲ್ಲಿ ಮತ್ತೆ ಜಿಲ್ಲೆ ಬದಲಾಗಿ ಜಹೀರಾಬಾದ್, ನಾರಾಯಣಖೇಡ ಸಂಗಾರೆಡ್ಡಿಗೆ ಸೇರಿದರೆ ತಾಂಡೂರು ವಿಕಾರಾಬಾದಿಗೆ ಸೇರಿತು. ಮನೆ ಇದ್ದಲ್ಲೇ ಇದೆ. ಮನೆಯೊಳಗಿನ ಮಾತೂ ಕನ್ನಡವೇ. ಬಾಗಿಲ ಹೊರಗೆ ತೆಲುಗು, ಅಂಗಡಿಯಲ್ಲಿ ದಖ್ಖನಿ, ಮಕ್ಕಳ ಶಾಲೆಯಲ್ಲಿ ಇಂಗ್ಲಿಷ್.

ಇಂಥ ಕಡೆ ಕನ್ನಡ ಉಳಿದದ್ದರಲ್ಲಿ ರೇಡಿಯೋದ ಪಾಲು ದೊಡ್ಡದು ಎಂದರೆ ಹಿರಿಯರು ಒಪ್ಪುತ್ತಾರೆ. ಧಾರವಾಡ ಆಕಾಶವಾಣಿ ಆರಂಭವಾದದ್ದು 1950ರ ಜನವರಿಯಲ್ಲಿ, ಕಲಬುರಗಿ ಕೇಂದ್ರ 1966ರಲ್ಲಿ. ಹಗಲಲ್ಲಿ ಕಲಬುರಗಿ ಚೆನ್ನಾಗಿ ಕೇಳುತ್ತಿತ್ತು. ರಾತ್ರಿಯಾದರೆ ಮಧ್ಯಮ ಅಲೆಗಳು ದೂರ ಹರಿಯುತ್ತವೆ, ಆಗ ಗರಗರ ಸದ್ದಿನ ನಡುವೆ ಧಾರವಾಡವೂ ಸಿಗುತ್ತಿತ್ತು. ದೊಡ್ಡಪ್ಪ ರೇಡಿಯೋವನ್ನು ಹಿತ್ತಲ ಕಟ್ಟೆಯ ಮೇಲೆ ಒಂದು ನಿರ್ದಿಷ್ಟ ದಿಕ್ಕಿಗೆ ತಿರುಗಿಸಿಡುತ್ತಿದ್ದರು, ಯಾರಾದರೂ ಅಲುಗಿಸಿದರೆ ಬೈಗುಳ. ಅವರಿಗೆ ರಾಗ ತಾಳ ಗೊತ್ತಿಲ್ಲ. ಮನ್ಸೂರರು, ಗಂಗೂಬಾಯಿ, ರಾಜಗುರು ಎಂಬ ಹೆಸರುಗಳು ಗೊತ್ತು, ಧ್ವನಿ ಗೊತ್ತು. ಷರೀಫರ ಪದಗಳಂತೂ ಬಾಯಿಪಾಠ.

ಅಂದು ರಾತ್ರಿ ಅಣ್ಣ ನಮ್ಮನ್ನು ಹೊರಗೆ ಕರೆದು ಒಂದು ವಿಷಯ ಹೇಳಿದ. ಬೀದರಿನ ವೈದ್ಯರು ದೊಡ್ಡಪ್ಪನ ಕಿವಿ ಪರೀಕ್ಷೆ ಮಾಡಿದ್ದರು. ಎಡಗಿವಿ ಬಹುತೇಕ ಹೋಗಿದೆ, ಬಲಗಿವಿಯೂ ಅದೇ ದಾರಿಯಲ್ಲಿದೆ. ವಯಸ್ಸಿನಿಂದ ಕೆಡುವ ಕಿವಿಗೆ ಮೊದಲು ತಪ್ಪುವುದು ಎತ್ತರದ ಸಣ್ಣ ಸದ್ದುಗಳು, ಹಕ್ಕಿಯ ಕೂಗು, ಮಕ್ಕಳ ದನಿ. ಯಂತ್ರ ಹಾಕಿದರೆ ಮಾತು ತಕ್ಕಮಟ್ಟಿಗೆ ಕೇಳುತ್ತದೆ, ಸಂಗೀತ ಮೊದಲಿನಂತೆ ಕೇಳುವುದಿಲ್ಲ. “ಹೋಗೋದಾದರೆ ಈ ವರ್ಷವೇ ಹೋಗಬೇಕು” ಎಂದ ಅಣ್ಣ. ಹೀಗೆ ಧಾರವಾಡದ ಪ್ರವಾಸ ನಿಶ್ಚಯವಾಯಿತು.

ನಿಶ್ಚಯ ಮಾಡುವುದು ಸುಲಭ, ಮೂರು ಊರುಗಳಿಂದ ಹತ್ತು ಜನ ಹೊರಡುವುದು ಸುಲಭವಲ್ಲ. ಜಹೀರಾಬಾದಿನಿಂದ ಧಾರವಾಡ ರಸ್ತೆಯಲ್ಲಿ ನಾನೂರು ಕಿಲೋಮೀಟರಿಗೂ ಹೆಚ್ಚು. ತಂಗಿಯ ಗಂಡ ಒಂದು ದೊಡ್ಡ ಗಾಡಿ ಬಾಡಿಗೆಗೆ ತೆಗೆದುಕೊಂಡು ಹುಮನಾಬಾದ್, ಕಲಬುರಗಿ, ವಿಜಯಪುರದ ಮೇಲೆ ಹೋಗೋಣ ಎಂದರು. ಬೇಕಾದಲ್ಲಿ ನಿಲ್ಲಿಸಬಹುದು, ಊಟ ಕಟ್ಟಿಕೊಂಡು ಹೋಗಬಹುದು, ಎಲ್ಲ ನಿಜ. ಆದರೆ ದೊಡ್ಡಪ್ಪನ ಮೊಣಕಾಲು ಗಾಡಿಯಲ್ಲಿ ಎರಡು ತಾಸಿಗಿಂತ ಹೆಚ್ಚು ತಡೆಯುವುದಿಲ್ಲ. ಕಡೆಗೆ ರೈಲೇ ಗೆದ್ದಿತು. ಜಹೀರಾಬಾದಿನಲ್ಲೂ ರೈಲು ನಿಲ್ದಾಣವಿದೆ, ಆದರೆ ಆ ಹಾದಿ ಬೀದರ್, ಲಾತೂರ್ ರೋಡ್ ಕಡೆಯದು. ಹೈದರಾಬಾದ್ ಕಡೆಯಿಂದ ಹುಬ್ಬಳ್ಳಿಗೆ ಹೋಗುವ ರೈಲು ತಾಂಡೂರು, ವಾಡಿ, ಕಲಬುರಗಿ ದಾಟಿ, ಸೊಲ್ಲಾಪುರದ ಹತ್ತಿರ ದಕ್ಷಿಣಕ್ಕೆ ತಿರುಗಿ, ವಿಜಯಪುರ, ಬಾಗಲಕೋಟೆ, ಗದಗಿನ ಮೇಲೆ ಹೋಗುತ್ತದೆ. ಸುತ್ತು ಹಾದಿ. ಆದರೆ ಕಾಲು ಚಾಚಿ ಮಲಗಬಹುದು. ಹಾಗಾಗಿ ಎಲ್ಲರೂ ತಾಂಡೂರಿನ ತಂಗಿಯ ಮನೆಯಲ್ಲಿ ಸೇರಿ ಅಲ್ಲಿಂದ ಹೊರಡುವುದೆಂದಾಯಿತು.

ಇಂಥ ಪ್ರವಾಸ ಯೋಚಿಸುವ ಕುಟುಂಬಗಳಿಗೆ ನಮ್ಮ ಅನುಭವದಿಂದ ಒಂದೆರಡು ಮಾತು. 2024ರ ನವೆಂಬರಿನಿಂದ ರೈಲಿನ ಮುಂಗಡ ಕಾಯ್ದಿರಿಸುವಿಕೆ 120 ದಿನದಿಂದ 60 ದಿನಕ್ಕೆ ಇಳಿದಿದೆ. ನಾವು ಮೊದಲ ದಿನವೇ ಕೂರಲಿಲ್ಲ, ವಾರ ಬಿಟ್ಟು ಕೂತೆವು, ಮೂರು ಸೀಟು ಕಾಯುವ ಪಟ್ಟಿಗೆ ಬಿದ್ದವು. ಹಿರಿಯರ ವಯಸ್ಸನ್ನು ಸರಿಯಾಗಿ ಬರೆದು ಕೆಳಗಿನ ಬರ್ತ್ ಕೇಳಿ. ಹಿರಿಯರಿಗಿದ್ದ ದರದ ರಿಯಾಯಿತಿ 2020ರ ಮಾರ್ಚಿಯಲ್ಲೇ ನಿಂತಿತು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ವಸತಿಗೃಹದವರನ್ನು “ಲಿಫ್ಟ್ ಇದೆಯೇ” ಎಂದು ಕೇಳುವ ಬದಲು “ಕೋಣೆ ಯಾವ ಮಹಡಿಯಲ್ಲಿದೆ, ಲಿಫ್ಟ್ ನಡೆಯುತ್ತದೆಯೇ” ಎಂದು ಕೇಳಿ. ಏಕೆ ಎಂದು ಮುಂದೆ ತಿಳಿಯುತ್ತದೆ. ಮತ್ತು ವಾರಾಂತ್ಯ ಎಂಬ ಮಾತನ್ನು ನಂಬಬೇಡಿ. ಎರಡು ದಿನದ ಪ್ರವಾಸಕ್ಕೆ ನಮಗೆ ಶುಕ್ರವಾರದಿಂದ ಸೋಮವಾರದವರೆಗೆ ಬೇಕಾಯಿತು. ಮಕ್ಕಳ ಶಾಲೆಗೆ ರಜೆಯ ಚೀಟಿ ಬರೆದೆವು.

ಇನ್ನೊಂದು ದೊಡ್ಡ ತಪ್ಪು ನಮ್ಮದೇ. ನ್ಯಾಶ್‌ವಿಲ್ಲಿನ ಕಥೆ ಕೇಳಿ, ಧಾರವಾಡದಲ್ಲೂ ಯಾವ ಶನಿವಾರ ಹೋದರೂ ಎಲ್ಲೋ ಒಂದು ಕಛೇರಿ ಇದ್ದೇ ಇರುತ್ತದೆ ಎಂದುಕೊಂಡೆವು. ಹಾಗಿಲ್ಲ. ಆ ಊರಿನ ಸಂಗೀತ ಟಿಕೆಟ್ ಕಿಟಕಿಯಲ್ಲಿ ದಿನವೂ ಮಾರುವ ವಸ್ತುವಲ್ಲ. ಗುರುಗಳ ಪುಣ್ಯಸ್ಮರಣೆ, ಜಯಂತಿ, ಸಂಘ ಸಂಸ್ಥೆಗಳ ವಾರ್ಷಿಕೋತ್ಸವ, ಇಂಥ ದಿನಗಳಲ್ಲಿ ಕಛೇರಿಗಳು ನಡೆಯುತ್ತವೆ, ಅನೇಕವು ಉಚಿತ. ಮೊದಲು ವಿಚಾರಿಸಿ ದಿನ ಗೊತ್ತು ಮಾಡಿಕೊಂಡು ಆಮೇಲೆ ರೈಲು ಹಿಡಿಯಬೇಕು. ನಾವು ಮೊದಲು ರೈಲು ಹಿಡಿದೆವು.

ತಂಗಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ ಕಟ್ಟಿದ್ದಳು. ಜೊತೆಗೆ ಯಾರಿಗಾದರೂ ಕೊಡಲು ಇರಲಿ ಎಂದು ಎರಡು ಕಿಲೋ ತೊಗರಿ ಬೇಳೆ. ತಾಂಡೂರಿನವರು ಬರಿಗೈಯಲ್ಲಿ ಊರು ಬಿಡುವುದಿಲ್ಲ. ಅವರ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕ ಮೇಲೆ ಈ ಅಭಿಮಾನ ಇನ್ನಷ್ಟು ಜಾಸ್ತಿ.

ಗದಗ ಬಂದಾಗ ದೊಡ್ಡಪ್ಪ ಕಿಟಕಿಯ ಪಕ್ಕ ಕೂತು ಮಕ್ಕಳಿಗೆ ಕಥೆ ಹೇಳುತ್ತಿದ್ದರು. ಈ ಊರಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನವಿಟ್ಟು ಸಂಗೀತ ಕಲಿಸುತ್ತಾರೆ. ಅದನ್ನು ಬೆಳೆಸಿದ ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿರಲಿಲ್ಲ, ಅವರ ನಂತರ ನಡೆಸಿದ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಪುಟ್ಟರಾಜರು 2010ರಲ್ಲಿ, 96ನೆಯ ವಯಸ್ಸಿನಲ್ಲಿ ತೀರಿಕೊಂಡರು. ಇದೇ ಜಿಲ್ಲೆಯ ರೋಣದವರು ಭೀಮಸೇನ ಜೋಶಿ. ಅಬ್ದುಲ್ ಕರೀಂ ಖಾನರ ಒಂದು ಧ್ವನಿಮುದ್ರಿಕೆ ಕೇಳಿ ಹುಚ್ಚು ಹಿಡಿದು, ಹನ್ನೊಂದು ವರ್ಷದ ಹುಡುಗ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿಹೋದ. ಟಿಕೆಟ್ ಇಲ್ಲ, ಹಾಡು ಹಾಡಿ ರೈಲಿನಲ್ಲಿ ಊರೂರು ತಿರುಗಿದ. ಜಲಂಧರದವರೆಗೆ ಹೋದ. ಕಡೆಗೆ ಗುರು ಸಿಕ್ಕಿದ್ದು ಹುಬ್ಬಳ್ಳಿಯ ಹತ್ತಿರದ ಕುಂದಗೋಳದಲ್ಲಿ, ಸವಾಯಿ ಗಂಧರ್ವರು. ಟಿಕೆಟ್ ಇಲ್ಲದೆ ಹೋದ ಆ ಹುಡುಗನಿಗೆ 2008ರಲ್ಲಿ ಭಾರತರತ್ನ ಬಂತು ಎಂದು ಕೇಳಿ ತಂಗಿಯ ಕಿರಿಯ ಮಗ ತಾನೂ ಹಾಗೆಯೇ ಹೋಗುತ್ತೇನೆ ಎಂದ. “ಮೊದಲ ಹಾಡು ಕಲಿ” ಎಂದರು ದೊಡ್ಡಪ್ಪ.

ಧಾರವಾಡವೇ ಏಕೆ ಸಂಗೀತದ ಊರಾಯಿತು? ನಮಗೆ ತಿಳಿದ ಮಟ್ಟಿಗೆ, ಅದು ದಾರಿಯಲ್ಲಿರುವ ಊರು ಎಂಬುದೇ ದೊಡ್ಡ ಕಾರಣ. ಉತ್ತರದ ಉಸ್ತಾದರು ಮೈಸೂರಿನ ಅರಮನೆಗೆ ಹಾಡಲು ಹೋಗುವಾಗ, ಬರುವಾಗ ಇಲ್ಲಿ ಇಳಿಯುತ್ತಿದ್ದರು. ನಾಟಕ ಕಂಪನಿಗಳು ಮರಾಠಿ ಸೀಮೆಗೂ ಕನ್ನಡ ಸೀಮೆಗೂ ನಡುವೆ ಓಡಾಡುತ್ತಿದ್ದವು, ನಾಟಕವೆಂದರೆ ಆಗ ಅರ್ಧ ಸಂಗೀತವೇ. ಸಿತಾರಿನ ರೆಹಮತ್ ಖಾನರು ಬಂದು ಇಲ್ಲಿಯೇ ನೆಲೆಸಿದರು. ಧಾರವಾಡದ್ದು ಶಾಸ್ತ್ರೀಯ ಸಂಗೀತ, ಅಮೆರಿಕದವರದ್ದು ಹಳ್ಳಿ ಹಾಡು, ಎರಡನ್ನೂ ಹೋಲಿಸುವುದು ಸರಿಯೇ ಎಂದು ಅಣ್ಣ ತಕರಾರು ತೆಗೆದ. ಒಪ್ಪುವ ಮಾತೇ. ಆದರೆ ಹಾಡಿದವರು ಎಲ್ಲಿಂದ ಬಂದರು ನೋಡಿ. ಮನ್ಸೂರು ಎಂಬ ಹಳ್ಳಿ, ಯಲಿವಾಳ ಎಂಬ ಹಳ್ಳಿ, ಕುಂದಗೋಳ, ರೋಣ. ಮಲ್ಲಿಕಾರ್ಜುನ ಮನ್ಸೂರರು ಹುಡುಗನಾಗಿ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದವರು. ಮಿರಜದ ನೀಲಕಂಠ ಬುವಾ ಕೇಳಿ ಮೆಚ್ಚಿ ಶಿಷ್ಯನಾಗಿ ಕರೆದುಕೊಂಡರು. ಇದೇ ನೆಲದಲ್ಲಿ ಷರೀಫರು ಏಕತಾರಿ ಪದಗಳನ್ನು ಬಿಟ್ಟುಹೋದರು. ನಮ್ಮ ಕಲಬುರಗಿ ಕಡೆ ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಇವೆಯಲ್ಲ, ಹಾಗೆ.

ಹುಬ್ಬಳ್ಳಿಯಲ್ಲಿ ಇಳಿದು ಚಿಗರಿ ಬಸ್ಸಿನಲ್ಲಿ ಧಾರವಾಡ ಸೇರಿದೆವು. ಇಪ್ಪತ್ತು ಕಿಲೋಮೀಟರು, ಬಸ್ಸಿಗೆ ಬೇರೆಯೇ ದಾರಿ, ಸುಖವಾದ ಪ್ರಯಾಣ. ವಸತಿಗೃಹದಲ್ಲಿ ಕೋಣೆ ಎರಡನೆಯ ಮಹಡಿಯಲ್ಲಿತ್ತು, ಲಿಫ್ಟಿಗೆ ಬೀಗ. ಅಣ್ಣ ಮತ್ತು ತಂಗಿಯ ಗಂಡ ದೊಡ್ಡಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತರು. ದೊಡ್ಡಪ್ಪನಿಗೆ ಅವಮಾನವಾಯಿತು, ಒಂದು ಗಂಟೆ ಯಾರೊಡನೆಯೂ ಮಾತಾಡಲಿಲ್ಲ.

ಮಧ್ಯಾಹ್ನ ಮನ್ಸೂರರ ‘ಮೃತ್ಯುಂಜಯ’ ಮನೆ ನೋಡಿದೆವು. 1992ರಲ್ಲಿ ಪದ್ಮವಿಭೂಷಣ ಬಂದ ವರ್ಷವೇ ಅವರು ತೀರಿಕೊಂಡದ್ದು. ಆ ಮನೆ ಈಗ ಸ್ಮಾರಕ. ಅರಮನೆಯೇನಲ್ಲ, ನಮ್ಮ ನಿಮ್ಮ ಮನೆಯಂಥದೇ. ನಮ್ಮ ದೊಡ್ಡ ಮಗಳು ಧರ್ಮಕೇಂದ್ರದ ಗಾನವೃಂದದಲ್ಲಿ ಹಾರ್ಮೋನಿಯಂ ನುಡಿಸುತ್ತಾಳೆ. ಅವಳು ತಂಬೂರಿಯ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ 1890ರಿಂದ ಇರುವ ಕರ್ನಾಟಕ ವಿದ್ಯಾವರ್ಧಕ ಸಂಘದ ಮುಂದೆ ಹಾದು, ಲೈನ್ ಬಜಾರಿನಲ್ಲಿ ಪೇಡೆ ಕೊಂಡೆವು. ಬೇಂದ್ರೆಯವರ ಸಾಧನಕೇರಿಗೆ ಹೋಗುವ ಆಸೆಯಿತ್ತು, ದೊಡ್ಡಪ್ಪನ ಕಾಲು ಬೇಡವೆಂದಿತು.

ಸಂಜೆ ಕಛೇರಿ ಎಲ್ಲಿದೆ ಎಂದು ಕೇಳಿದಾಗಲೇ ನಮ್ಮ ತಪ್ಪು ಗೊತ್ತಾದದ್ದು. ಎಲ್ಲೂ ಇರಲಿಲ್ಲ. ದೊಡ್ಡಪ್ಪ ಏನೂ ಅನ್ನಲಿಲ್ಲ, ಪೇಡೆಯ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಕೂತರು. ನಮ್ಮ ಪೇಚಾಟ ಕೇಳುತ್ತಿದ್ದ ಆಟೋದ ಹುಡುಗ, “ಹಾಡಾ ಕೇಳೂದಷ್ಟ ಇದ್ರ ನಡೀರಿ, ಒಂದು ಮನಿ ತೋರಸ್ತೀನಿ” ಎಂದು ಮಾಳಮಡ್ಡಿಯ ಒಂದು ಓಣಿಗೆ ಕರೆದೊಯ್ದ. ಮುಂದಿನ ಕೋಣೆಯಲ್ಲಿ ಸಂಗೀತದ ಪಾಠ ನಡೆದಿತ್ತು. ಗುರುಗಳು ಮಧ್ಯವಯಸ್ಸಿನವರು. ಇಬ್ಬರು ಹುಡುಗಿಯರು, ಒಬ್ಬ ಹುಡುಗ, ತಬಲಾಕ್ಕೆ ಆಫೀಸಿನಿಂದ ನೇರ ಬಂದಂತಿದ್ದ ಒಬ್ಬರು. ಜಹೀರಾಬಾದ್, ನಾರಾಯಣಖೇಡ ಎಂದಾಗ ಗುರುಗಳಿಗೆ ಮೊದಲು ಹೊಳೆಯಲಿಲ್ಲ. ಬೀದರಿನ ಆಚೆ ಎಂದೆವು. “ಅಷ್ಟು ದೂರದಿಂದ ಬಂದೀರಿ, ಒಳಗ ಬರ್ರಿ, ಕೂಡ್ರಿ” ಎಂದು ದೊಡ್ಡಪ್ಪನಿಗೆ ತಮ್ಮ ಕುರ್ಚಿ ಬಿಟ್ಟುಕೊಟ್ಟರು. ದೊಡ್ಡಪ್ಪ ಕುರ್ಚಿ ಎಳೆದುಕೊಂಡು ಬಲಗಿವಿಯನ್ನು ತಂಬೂರಿಯ ಕಡೆ ತಿರುಗಿಸಿ ಕೂತರು.

ಹುಡುಗಿ ಯಮನ್ ರಾಗದ ಒಂದೇ ಸಾಲನ್ನು ಮುಕ್ಕಾಲು ಗಂಟೆ ಹಾಡಿದಳು. ತಪ್ಪಿದಳು, ಗುರು ತಿದ್ದಿದರು, ಮತ್ತೆ ಹಾಡಿದಳು. ನಮ್ಮ ಮಕ್ಕಳಲ್ಲಿ ಇಬ್ಬರು ಗೋಡೆಗೊರಗಿ ನಿದ್ದೆ ಹೋದರು. ನಿಜ ಹೇಳಬೇಕೆಂದರೆ ನಮಗೂ ಆಕಳಿಕೆ ಬಂತು. ದೊಡ್ಡಪ್ಪ ಮಾತ್ರ ಅಲುಗಲಿಲ್ಲ. ಪಾಠ ಮುಗಿದ ಮೇಲೆ ಸಂಕೋಚದಿಂದ, “ಷರೀಫರದ್ದೊಂದು ಬರ್ತದೇನ್ರಿ?” ಎಂದು ಕೇಳಿದರು. ಗುರು ನಕ್ಕು ಹುಡುಗಿಯ ಕಡೆ ನೋಡಿದರು. ಆಕೆ ಅದುವರೆಗಿನ ಹೆದರಿಕೆ ಬಿಟ್ಟು ಜೋರಾಗಿ ಹಾಡಿದಳು. ದೊಡ್ಡಪ್ಪ ತೊಡೆಯ ಮೇಲೆ ತಾಳ ಹಾಕಿದರು. ತಂಗಿ ತೊಗರಿ ಬೇಳೆಯ ಚೀಲವನ್ನು ಗುರುಗಳ ಮನೆಯವರ ಕೈಗೆ ಕೊಟ್ಟಳು, ಅದರ ದಾರಿ ಅಲ್ಲಿ ಮುಗಿಯಿತು.

ಹೊರಗೆ ಬಂದ ಮೇಲೆ ಅಣ್ಣ, “ಕೇಳ್ತೇನು?” ಎಂದ.

“ತಂಬೂರಿ ಕೇಳ್ತು. ಹುಡುಗಿ ಕೆಳಗ ಹಾಡಿದ್ದು ಕೇಳ್ತು. ಮ್ಯಾಲ ಹೋದಾಗ ಬರೇ ಬಾಯಿ ಕಾಣ್ತು” ಎಂದರು ದೊಡ್ಡಪ್ಪ. ಅಷ್ಟೇ. ವೈದ್ಯರು ಏನು ಹೇಳಿದ್ದಾರೆಂದು ಅವರಿಗೆ ಗೊತ್ತಿತ್ತು ಎಂಬುದು ನಮಗೆ ಆಗ ತಿಳಿಯಿತು.

ಭಾನುವಾರ ಬೆಳಗ್ಗೆ ಹುಬ್ಬಳ್ಳಿಗೆ ಬಂದು ಬಲಿಪೂಜೆ ಮುಗಿಸಿ, ರೈಲಿಗೆ ಸಮಯವಿದ್ದುದರಿಂದ ನಿಲ್ದಾಣದಲ್ಲೇ ಕೂತೆವು. ಇಲ್ಲಿಯ ಪ್ಲಾಟ್‌ಫಾರಂ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು, 2023ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. ಮಕ್ಕಳು ಈ ತುದಿಯಿಂದ ಆ ತುದಿಗೆ ನಡೆಯಲು ಹೊರಟವು. ದೊಡ್ಡಪ್ಪ ಬೆಂಚಿನ ಮೇಲೆ ಕೂತು ನಮ್ಮ ಮಗಳಿಗೆ ಗಂಗೂಬಾಯಿ ಹಾನಗಲ್ಲರ ವಿಷಯ ಹೇಳಿದರು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಬಾಳಿ, 2009ರಲ್ಲಿ ತೀರಿಕೊಂಡ ತಾಯಿ. ಇದೇ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಳ್ಳುತ್ತಿದ್ದರು. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಸ್ವಾಗತ ಗೀತೆ ಹಾಡಿದ ಹುಡುಗಿ, ತನ್ನ ಜಾತಿಯ ಕಾರಣ ಊಟವಾದ ಮೇಲೆ ಎಲೆ ಎತ್ತಲು ಹೇಳುತ್ತಾರೋ ಏನೋ ಎಂದು ಹೆದರಿದ್ದಳಂತೆ. ಮುಂದೆ ಗಂಟಲಿನ ಚಿಕಿತ್ಸೆಯಾದ ಮೇಲೆ ಅವರ ಧ್ವನಿ ಗಂಡಸಿನ ಧ್ವನಿಯಂತೆ ದಪ್ಪವಾಯಿತು. ಅದೇ ಧ್ವನಿಯಲ್ಲಿ ಹೆಸರು ಮಾಡಿದರು.

“ದಪ್ಪ ಧ್ವನಿಯೇ?” ಎಂದು ಕೇಳಿದಳು ಮಗಳು. ತನ್ನ ಮೊಬೈಲಿನಲ್ಲಿ ಗಂಗೂಬಾಯಿಯವರ ಹಳೆಯ ಕಛೇರಿಯೊಂದನ್ನು ಹುಡುಕಿ, ದೊಡ್ಡಪ್ಪನ ಬಲಗಿವಿಯ ಬಳಿ ಹಿಡಿದಳು. ಒಂದು ಗೂಡ್ಸ್ ಗಾಡಿ ಹಾದುಹೋಯಿತು, ಘೋಷಣೆಗಳು ಮೂರು ಭಾಷೆಯಲ್ಲಿ ಬಂದವು. ದೊಡ್ಡಪ್ಪ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರು.

“ಇದು ಪೂರಾ ಕೇಳ್ತದ” ಎಂದರು.

ತಾಂಡೂರಿಗೆ ಬರುವವರೆಗೂ ಆ ಮೊಬೈಲು ನಮ್ಮ ಕೈಗೆ ಸಿಗಲಿಲ್ಲ. ಎರಡು ಸಲ ಚಾರ್ಜ್ ಮಾಡಿಸಿಕೊಂಡರು. ಸೋಮವಾರ ಸಂಜೆ ನಾರಾಯಣಖೇಡದ ಬಸ್ಸು ಹತ್ತುವಾಗ ಅವರು ಕೇಳಿದ್ದು ಒಂದೇ: ಕುಂದಗೋಳದಲ್ಲಿ ಸವಾಯಿ ಗಂಧರ್ವರ ಹೆಸರಿನ ಉತ್ಸವ ಪ್ರತಿ ವರ್ಷ ನಡೆಯುತ್ತದಂತೆ, ಅದು ಯಾವ ದಿನ, ಮತ್ತು ಅರವತ್ತು ದಿನ ಮುಂಚೆ ಎಂದರೆ ಯಾವ ತಾರೀಕು. ಅಣ್ಣ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಹೊರಟಿದ್ದಾನೆ. ಈ ಸಲ ಮೊದಲು ಫೋನು, ಆಮೇಲೆ ರೈಲು.